ಗಲ್ಲಾ ಖಾಲಿ, ಉದ್ರಿ ಪುಸ್ತಕ ಭರ್ತಿ: ಲಾಕ್‌ಡೌನ್‌ನಲ್ಲಿ ನಮ್ಮೂರಿನ ಸಣ್ಣ ಅಂಗಡಿಗಳು ಉಳಿಯೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಧ್ವನಿಮುದ್ರಣ: ಜೂನ್ 17, 2021. ಮಾತಿನ ಧಾಟಿ ಇದ್ದಂತೆಯೇ ಉಳಿಸಿಕೊಂಡಿದ್ದೇವೆ.)



ಈ ಸೋಮವಾರ, ಅಂದ್ರೆ ಜೂನ್ 14ರಿಂದ, ರಾಜ್ಯದ ಬಹುತೇಕ ಕಡೆ ಲಾಕ್‌ಡೌನ್ ಸಡಿಲ ಆಯ್ತು. ಆದ್ರೆ 11 ಜಿಲ್ಲೆಗಳಿಗೆ ಆಗಲಿಲ್ಲ. ಅದರಲ್ಲಿ ನಮ್ಮ ದಾವಣಗೆರೆ ಒಂದು. ಜೂನ್ 21ರ ತನಕ ನಮಗೆ ಹಳೇ ನಿಯಮಾನೇ. ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲಿ ಮಧ್ಯಾಹ್ನ 2ರ ತನಕ ದಿನಸಿ ಸಿಗುತ್ತೆ, ಗಡಿ ಈ ಕಡೆ ಜಗಳೂರಲ್ಲಿ 10 ಗಂಟೆಗೆ ಬಾಗಿಲು ಎಳೀಬೇಕು. ಅದೂ ದಿನಸಿ, ಹಾಲು, ತರಕಾರಿಯವರು. ಬಟ್ಟೆ, ಫ್ಯಾನ್ಸಿ, ಸಲೂನ್, ಟೈಲರ್ ಅಂಗಡಿಗಳ ಬಾಗಿಲು ಏಪ್ರಿಲ್ ಕೊನೆಯಿಂದ ತೆರೆದೇ ಇಲ್ಲ.

ಕಳೆದ ವಾರ ನಿಮ್ಮಲ್ಲಿ ಸುಮಾರು ಜನ ವಾಯ್ಸ್ ಮೆಸೇಜ್ ಕಳಿಸಿದ್ರಿ. ಪ್ರಶ್ನೆ ಹೆಚ್ಚೂಕಮ್ಮಿ ಒಂದೇ: "ಅಕ್ಕ, ನಮ್ಮಪ್ಪಂದು ಚಿಕ್ಕ ಅಂಗಡಿ. ಎರಡನೇ ವರ್ಷ ಹೀಗಾದ್ರೆ ಏನ್ ಮಾಡೋದು?" ಉತ್ತರ ಹುಡುಕೋಕೆ ನಾನು ದೂರ ಹೋಗಲಿಲ್ಲ. ನಮ್ಮನೇಲೇ ಶುರು ಮಾಡಿದೆ.

ನಮ್ಮಪ್ಪನ ಪುಸ್ತಕ

ನಮ್ಮಪ್ಪ ಹೊನ್ನಾಳಿಯಲ್ಲಿ ಟೈಲರ್. ನಾನು ಬಿ.ಕಾಂ. ಮಾಡಿದ್ದು ಆ ಹೊಲಿಗೆ ಮಷಿನ್ ದುಡ್ಡಲ್ಲೇ. ಆದ್ರೆ ಅಪ್ಪನ ಲೆಕ್ಕದ ಪುಸ್ತಕ ಬಿಚ್ಚಿ ನೋಡಿದ್ದು ಇದೇ ತಿಂಗಳು, ಮೊದಲ ಸಲ. ನಾಚಿಕೆ ಆಯ್ತು, ಹೇಳ್ಕೋತೀನಿ.

ಈ ವರ್ಷ ಜನವರಿ 1ಕ್ಕೆ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯು ತರಗತಿ ಶುರುವಾದಾಗ ಅಪ್ಪನಿಗೆ ಧೈರ್ಯ ಬಂತು. ಜೂನ್‌ಗೆ ಶಾಲೆ ತೆರೀತಾವೆ, ಯೂನಿಫಾರ್ಮ್ ಸೀಸನ್ ಸಿಗುತ್ತೆ ಅಂತ ಮಾರ್ಚ್‌ನಲ್ಲಿ ₹60,000ದ ಬಟ್ಟೆ ತಂದು ಇಟ್ರು. ಉದ್ರಿ ಪುಸ್ತಕದಲ್ಲಿ 41 ಜನರಿಂದ ಬರಬೇಕಾದದ್ದು ₹38,000. ಎರಡೂ ಕೂಡಿದ್ರೆ ₹98,000. ಗಲ್ಲಾಪೆಟ್ಟಿಗೆಯಲ್ಲಿ ಇದ್ದದ್ದು ಎಷ್ಟು ಗೊತ್ತಾ? ₹2,300.

ಲೆಕ್ಕದ ಪ್ರಕಾರ ಅಪ್ಪನಿಗೆ ನಷ್ಟ ಆಗಿಲ್ಲ. ಆದ್ರೆ ಅಕ್ಕಿ, ಕರೆಂಟ್ ಬಿಲ್, ಅಮ್ಮನ ಬಿಪಿ ಮಾತ್ರೆ ಬರೋದು ಆ ₹2,300ರಲ್ಲೇ.

ಇವತ್ತಿನ ಸಂಚಿಕೆಯಲ್ಲಿ ನಾನು ಹೇಳೋದು ಇದೊಂದೇ. ಇಂಥಾ ಹೊತ್ತಲ್ಲಿ ಸಣ್ಣ ಅಂಗಡಿ ಮುಚ್ಚೋದು ಲಾಭ ಇಲ್ಲದೇ ಇದ್ದದ್ದಕ್ಕಲ್ಲ, ಕೈಲಿ ರೊಕ್ಕ ಮುಗಿದದ್ದಕ್ಕೆ. ಲಾಭ ಮುಂದಿನ ವರ್ಷ ಮಾಡ್ಕೋಬಹುದು. ಈ ವಾರ ರೊಕ್ಕ ಇಲ್ಲ ಅಂದ್ರೆ ಮನುಷ್ಯ ತಪ್ಪು ಸಾಲ ಮಾಡ್ತಾನೆ. ನಮ್ಮಪ್ಪ ಮಾಡಿದ್ದೂ ಅದನ್ನೇ.

ಒಂದು ರೂಪಾಯಿ ಬಡ್ಡಿ, ಐದು ರೂಪಾಯಿ ಬಡ್ಡಿ

2020ರ ಜನವರಿಯಲ್ಲಿ ಅಪ್ಪ ಮಷಿನ್‌ಗೆ ಅಂತ ಬ್ಯಾಂಕ್‌ನಲ್ಲಿ ₹1,50,000 ಸಾಲ ತಗೊಂಡಿದ್ರು. ವರ್ಷಕ್ಕೆ ಶೇ 12, ತಿಂಗಳ ಕಂತು ಹತ್ತಿರ ಹತ್ತಿರ ₹5,000. ಈ ಮೇ ಮತ್ತು ಜೂನ್ ಕಂತು ಕಟ್ಟೋಕೆ ರೊಕ್ಕ ಇರಲಿಲ್ಲ. ಯಾರಿಗೂ ಹೇಳದೆ ಪರಿಚಯದವರ ಹತ್ರ ₹10,000 ಕೈಗಡ ತಂದ್ರು. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ.

ನಮ್ಮ ಕಡೆ ಬಡ್ಡೀನ ರೂಪಾಯಿ ಲೆಕ್ಕದಲ್ಲೇ ಹೇಳೋದು, ಅಲ್ವಾ? ಹಾಗೇ ನೋಡಿ. ಬ್ಯಾಂಕಿನ ಶೇ 12 ಅಂದ್ರೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ. ಕೈಗಡದ್ದು ಐದು ರೂಪಾಯಿ, ವರ್ಷಕ್ಕೆ ಶೇ 60. ಅಂದ್ರೆ ಅಪ್ಪ ಒಂದು ರೂಪಾಯಿ ಬಡ್ಡಿಯ ಸಾಲ ಕಟ್ಟೋಕೆ ಐದು ರೂಪಾಯಿ ಬಡ್ಡಿಯ ಸಾಲ ಮಾಡಿದ್ರು. ಆ ₹10,000 ಆರು ತಿಂಗಳು ಬ್ಯಾಂಕಿನಲ್ಲೇ ಬಾಕಿ ಉಳಿದಿದ್ರೆ ಬಡ್ಡಿ ಸುಮಾರು ₹600. ಕೈಗಡದಲ್ಲಿ ಆರು ತಿಂಗಳಿಗೆ ₹3,000.

"ಯಾಕಪ್ಪಾ, ಬ್ಯಾಂಕಿಗೆ ಹೋಗಿ ಕೇಳಬಾರದಿತ್ತಾ?" ಅಂದೆ.

"ಏನವ್ವಾ, ಕಟ್ಟೋಕೆ ಆಗಲ್ಲ ಅಂತ ನಾಲ್ಕು ಜನರ ಎದುರು ಬಾಯಿಬಿಟ್ಟು ಹೇಳೋದಾ? ಊರಲ್ಲಿ ಮಾನ ಉಳೀತದಾ?" ಅಂದ್ರು.

ಈ ಮಾತು ನಿಮ್ಮನೇಲೂ ಕೇಳಿರ್ತೀರಿ. ಅದಕ್ಕೇ ಈ ಭಾಗ ಸ್ವಲ್ಪ ನಿಧಾನವಾಗಿ ಕೇಳಿ.

ಕಳೆದ ವರ್ಷದ ಹಾಗೆ ಅಲ್ಲ, ಈ ವರ್ಷ ಕೇಳಬೇಕು

ಕಳೆದ ವರ್ಷ ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 1ರಿಂದ ಆಗಸ್ಟ್ 31ರ ತನಕ ಕಂತು ಮುಂದೂಡೋಕೆ ಅವಕಾಶ ಕೊಟ್ಟಿತ್ತು. ಅಪ್ಪನೂ ಬಳಸಿಕೊಂಡ್ರು. ಆದ್ರೆ ಅದು ಮನ್ನಾ ಅಂತ ಎಷ್ಟೋ ಜನ ತಿಳ್ಕೊಂಡಿದ್ರು. ಮನ್ನಾ ಅಲ್ಲ. ಆರು ತಿಂಗಳ ಬಡ್ಡಿ ಅಸಲಿಗೆ ಸೇರಿತು, ಅಪ್ಪನ ಸಾಲಕ್ಕೆ ಸುಮಾರು ₹9,000. ₹2 ಕೋಟಿ ಒಳಗಿನ ಸಾಲಗಳಿಗೆ ಬಡ್ಡಿಯ ಮೇಲೆ ಬಿದ್ದ ಬಡ್ಡೀನ ಮಾತ್ರ ಸರ್ಕಾರ ವಾಪಸ್ ಕೊಟ್ಟಿತು.

ಈ ವರ್ಷ ಆ ಥರ ಎಲ್ಲರಿಗೂ ಒಟ್ಟಿಗೆ ವಿನಾಯಿತಿ ಇಲ್ಲ. ಬದಲಿಗೆ ಮೇ 5ರಂದು ರಿಸರ್ವ್ ಬ್ಯಾಂಕ್ ಇನ್ನೊಂದು ದಾರಿ ತೆರೀತು: ಸಾಲದ ಪುನರ್‌ರಚನೆ. ಅಂದ್ರೆ ಕಂತು ಚಿಕ್ಕದು ಮಾಡೋದು, ಅವಧಿ ಉದ್ದ ಮಾಡೋದು, ಇಲ್ಲಾ ಕೆಲವು ತಿಂಗಳು ಕಂತು ನಿಲ್ಲಿಸೋದು. ಹೆಚ್ಚೆಂದರೆ ಎರಡು ವರ್ಷದ ತನಕ. ಮುಖ್ಯವಾದ ನಾಲ್ಕು ಮಾತು:

ಒಂದು, ಇದು ತಾನಾಗಿ ಬರಲ್ಲ. ನೀವು ಅರ್ಜಿ ಕೊಡಬೇಕು. ಸೆಪ್ಟೆಂಬರ್ 30ರ ಒಳಗೆ ಬ್ಯಾಂಕು ಇದನ್ನ ಒಪ್ಪಿ ಶುರು ಮಾಡಿರಬೇಕು. ಅರ್ಜಿ ಕೊಟ್ಟ 30 ದಿನದೊಳಗೆ ಬ್ಯಾಂಕು ತನ್ನ ತೀರ್ಮಾನ ಬರವಣಿಗೆಯಲ್ಲಿ ತಿಳಿಸಬೇಕು.

ಎರಡು, ಕಾರ್ಖಾನೆಯವರಿಗೆ ಮಾತ್ರ ಅಲ್ಲ. ವ್ಯಾಪಾರಕ್ಕೆ ಸಾಲ ತಗೊಂಡ ವ್ಯಕ್ತಿಗಳಿಗೂ, ಚಿಲ್ಲರೆ ಮತ್ತು ಸಗಟು ಅಂಗಡಿಯವರಿಗೂ ಇದೆ. ಸಹಕಾರಿ ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೂ ಇದು ಅನ್ವಯ.

ಮೂರು, 2021ರ ಮಾರ್ಚ್ 31ಕ್ಕೆ ನಿಮ್ಮ ಸಾಲ ಸುಸ್ತಿ ಪಟ್ಟಿಗೆ ಹೋಗಿರಬಾರದು. ಅಂದ್ರೆ ಕಂತು 90 ದಿನಕ್ಕಿಂತ ಹೆಚ್ಚು ಬಾಕಿ ಇರಬಾರದು. ಅದಕ್ಕೇ ಪೂರ್ತಿ ಮುಳುಗಿದ ಮೇಲೆ ಹೋದ್ರೆ ಪ್ರಯೋಜನ ಇಲ್ಲ, ಮೊದಲೇ ಹೋಗಬೇಕು. ಕಳೆದ ವರ್ಷ ಕಂತು ಮುಂದೂಡಿದ್ರೂ ಪರವಾಗಿಲ್ಲ, ಅದನ್ನ ಪುನರ್‌ರಚನೆ ಅಂತ ಎಣಿಸಲ್ಲ.

ನಾಲ್ಕು, ಬಡ್ಡಿ ನಿಲ್ಲಲ್ಲ. ಅಪ್ಪನ ಬಾಕಿ ಈಗ ಸುಮಾರು ₹1,20,000. ಆರು ತಿಂಗಳು ಕಂತು ನಿಲ್ಲಿಸಿದ್ರೆ ಸುಮಾರು ₹7,400 ಬಡ್ಡಿ ಸೇರುತ್ತೆ. ಸಾಲ ಪುನರ್‌ರಚನೆ ಆಗಿದೆ ಅಂತ ನಿಮ್ಮ ಸಾಲದ ದಾಖಲೆಯಲ್ಲಿ ಬರೋದೂ ಉಂಟು. ಹಾಗಾಗಿ ಕಟ್ಟೋ ಶಕ್ತಿ ಇದ್ರೆ ಕಟ್ಟಿ. ಐದು ರೂಪಾಯಿ ಬಡ್ಡಿಗೆ ತಂದು ಕಟ್ಟೋ ಪರಿಸ್ಥಿತಿ ಇದ್ರೆ ಮಾತ್ರ ಇದನ್ನ ಕೇಳಿ.

ಇನ್ನೊಂದು ದಾರಿನೂ ಇದೆ. ಈಗಾಗಲೇ ವ್ಯಾಪಾರದ ಸಾಲ ಇರೋರಿಗೆ, ಮುದ್ರಾ ಸಾಲದವರಿಗೂ ಸೇರಿ, ಕೇಂದ್ರ ಸರ್ಕಾರದ ಗ್ಯಾರಂಟಿ ಮೇಲೆ ತುರ್ತು ಸಾಲ. 2020ರ ಫೆಬ್ರುವರಿ 29ಕ್ಕೆ ಎಷ್ಟು ಬಾಕಿ ಇತ್ತೋ ಅದರ ಶೇ 20ರ ತನಕ. ಹೊಸ ಅಡಮಾನ ಬೇಡ, ಬ್ಯಾಂಕಿನ ಬಡ್ಡಿ ಶೇ 9.25 ಮೀರೋ ಹಾಗಿಲ್ಲ. ಅಪ್ಪನಿಗೆ ಇದರಲ್ಲಿ ₹29,000 ಹತ್ತಿರ ಬರಬಹುದು. ಆದ್ರೆ ಇದೂ ಸಾಲಾನೇ. ಕೈಗಡ ತೀರಿಸೋಕೆ ಇಲ್ಲಾ ಹತ್ತು ದಿನದಲ್ಲಿ ಮಾರಿಹೋಗೋ ಮಾಲು ತರೋಕೆ ಸರಿ. ಮತ್ತೆ ₹60,000ದ ಬಟ್ಟೆ ತಂದು ಕಪಾಟು ತುಂಬೋಕೆ ಅಲ್ಲ.

ಉದ್ರಿ ಕೇಳೋಕೂ ಒಂದು ಕಾಲ ಇದೆ

ಈಗ ಉದ್ರಿಗೆ ಬರೋಣ. "ಎಲ್ಲರ ಹತ್ರ ವಸೂಲಿ ಮಾಡಿ" ಅಂತ ಬೆಂಗಳೂರಿನ ವಿಡಿಯೊಗಳು ಹೇಳ್ತಾವೆ. ನಮ್ಮ ತಾಲ್ಲೂಕುಗಳಲ್ಲಿ ಅದು ನಡೆಯಲ್ಲ. ಇಲ್ಲಿ ಗಿರಾಕಿಯ ಕೈಗೆ ರೊಕ್ಕ ಬರೋದು ಬೆಳೆ ಬಂದಾಗ.

ಹೊನ್ನಾಳಿ ಕಡೆ ಭದ್ರಾ ನಾಲೆ ನೀರಿನ ಬೇಸಿಗೆ ಭತ್ತ ಕೊಯ್ಲಾಗಿ ಮಾರೋ ಹೊತ್ತು ಇದು. ಅಪ್ಪನ 41 ಜನರಲ್ಲಿ ಭತ್ತದವರು ಈಗ ಕೊಡಬಲ್ಲರು. ಚನ್ನಗಿರಿ ಅಡಿಕೆ ಸೀಮೆ. ಅಲ್ಲಿ ಕೊಯ್ಲು, ಸುಲಿಯೋ ಕೆಲಸ ಜೋರಾಗೋದು ಮಳೆಗಾಲದ ನಡುವಿಂದ ಆಚೆಗೆ. ತೋಟದವರಿಗೂ ಸುಲಿಯೋಕೆ ಹೋಗೋ ಹೆಣ್ಮಕ್ಕಳಿಗೂ ಆಗ ಕೈ ಆಡುತ್ತೆ. ಜಗಳೂರು ಮಳೆ ನಂಬಿದ ಊರು. ಈ ಜೂನ್‌ನಲ್ಲಿ ರೈತ ಇದ್ದ ರೊಕ್ಕಾನೆಲ್ಲ ಮೆಕ್ಕೆಜೋಳದ ಬೀಜ, ಗೊಬ್ಬರಕ್ಕೆ ಹಾಕ್ತಾನೆ. ಈಗ ಅವನ ಮನೆ ಬಾಗಿಲಿಗೆ ಹೋಗಿ ಉದ್ರಿ ಕೇಳಿದ್ರೆ ರೊಕ್ಕಾನೂ ಬರಲ್ಲ, ಗಿರಾಕಿನೂ ಉಳಿಯಲ್ಲ.

ಚನ್ನಗಿರಿಯ ಒಬ್ಬ ಕಿರಾಣಿ ಅಂಗಡಿ ಅಣ್ಣ ಮಾಡಿರೋದು ನನಗೆ ಹಿಡಿಸಿತು. ಉದ್ರಿ ಪುಸ್ತಕದ ಹೆಸರುಗಳಿಗೆ ಮೂರು ಬಣ್ಣದ ಪೆನ್ನಲ್ಲಿ ಗುರುತು ಹಾಕಿದಾರೆ. ಹಸಿರು: ಸಂಬಳ ಬರೋರು, ಈಗಲೇ ಕೊಡಬಲ್ಲರು. ಇವರಿಗೆ ಫೋನ್ ಮಾಡಿ "ಅರ್ಧ ಆದ್ರೂ ಹಾಕ್ರಿ" ಅಂತ ಕೇಳ್ತಾರೆ. ನೀಲಿ: ಬೆಳೆ ಬಂದಾಗ ಕೊಡೋರು. ಇವರಿಗೆ ಈಗ ಒತ್ತಾಯ ಇಲ್ಲ, ಆದ್ರೆ ಹೊಸ ಉದ್ರಿಗೆ ತಿಂಗಳಿಗೆ ಇಷ್ಟೇ ಅಂತ ಮಿತಿ. ಕೆಂಪು: ಕೆಲಸ ಹೋದೋರು, ಮನೇಲಿ ಸಾವಾದೋರು. ಇವರನ್ನ ಕೇಳೋದೇ ಇಲ್ಲ. "ಕೆಂಪು ಹೆಸರಿನ ದುಡ್ಡು ಬರ್ತದೆ ಅಂತ ನಂಬ್ಕೊಂಡು ನಾನು ಮಾಲು ತರಲ್ಲಮ್ಮ, ಅಷ್ಟೇ" ಅಂದ್ರು. ಹಸಿರು ಹೆಸರುಗಳಿಂದ ಬಂದ ದುಡ್ಡಲ್ಲೇ ಈ ತಿಂಗಳ ಬಾಡಿಗೆ ಕಟ್ಟಿದಾರೆ.

ನಾಲ್ಕು ಗಂಟೆಯ ವ್ಯಾಪಾರ

ದಿನಸಿಯವರಿಗೆ ಬೆಳಿಗ್ಗೆ 6ರಿಂದ 10. ಆ ನಾಲ್ಕು ಗಂಟೆ ತೂಕ ಹಾಕೋದ್ರಲ್ಲೇ ಕಳೆದ್ರೆ ಮುಗೀತು, ಜನ ಅಂಗಡಿ ಮುಂದೆ ಗುಂಪಾಗ್ತಾರೆ, ರೋಗಾನೂ ಹಂಚ್ತಾರೆ. ಇದೇ ಅಣ್ಣ ರಾತ್ರಿ 8ರ ಒಳಗೆ ವಾಟ್ಸ್‌ಆ್ಯಪ್‌ನಲ್ಲಿ ಚೀಟಿ ತರಿಸ್ಕೊಂಡು, ರಾತ್ರಿನೇ ಕಟ್ಟಿ, ಚೀಲದ ಮೇಲೆ ಹೆಸರು ಬರೆದು ಇಡ್ತಾರೆ. ಬೆಳಿಗ್ಗೆ ಬಂದು ತಗೊಂಡು ಹೋಗೋದು, ದುಡ್ಡು ಫೋನ್‌ಪೇ ಇಲ್ಲಾ ನಗದು. ಇನ್ನೊಂದು, ವಾರದಲ್ಲಿ ಮಾರಿಹೋಗದ ಯಾವ ಮಾಲನ್ನೂ ಅವರು ಈಗ ತರ್ತಿಲ್ಲ. ಹತ್ತು ಥರದ ಬಿಸ್ಕತ್ತಿನ ಬದಲು ಮೂರು. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ ಮಾತ್ರ ತಪ್ಪೋ ಹಾಗಿಲ್ಲ.

ಜಗಳೂರಿನಲ್ಲಿ ಚಿಕ್ಕ ಹೋಟೆಲ್ ನಡೆಸೋ ಅಕ್ಕ ಒಬ್ಬರು ಇದಾರೆ. ಹೋಟೆಲ್‌ಗೆ ಪಾರ್ಸೆಲ್ ಮಾತ್ರ. ಮೊದಲ ವಾರ ಎಂದಿನ ಹಾಗೆ ಹಿಟ್ಟು ರುಬ್ಬಿ ಅರ್ಧ ಚೆಲ್ಲಿದ್ರಂತೆ. ಈಗ ಹಿಂದಿನ ರಾತ್ರಿ ಆರ್ಡರ್ ಬಂದಷ್ಟೇ ಇಡ್ಲಿ. ಉಳಿದ ಹೊತ್ತು ಜೋಳದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಯಾಕೆ? "ಇಡ್ಲಿ ಸಂಜೆಗೆ ಹಳಸ್ತದೆ, ರೊಟ್ಟಿ ತಿಂಗಳು ಇರ್ತದೆ." ಕೆಡೋ ಮಾಲಿಂದ ಕೆಡದ ಮಾಲಿಗೆ ಹೋದ್ರು, ಅಷ್ಟೇ. ಇಬ್ಬರು ಕೆಲಸದವರಿಗೆ ಪೂರ್ತಿ ಪಗಾರ ಆಗ್ತಿಲ್ಲ. ಅರ್ಧ ಪಗಾರ, ಜೊತೆಗೆ ಮನೆಗೆ ಬೇಕಾದ ಜೋಳ ಕೊಡ್ತಿದಾರೆ. ಅವರು ಬಿಟ್ಟು ಹೋದ್ರೆ ನಾಳೆ ಬಾಗಿಲು ತೆರೆದಾಗ ಕೈ ಸಾಲಲ್ಲ ಅನ್ನೋ ಲೆಕ್ಕ ಅವರದು.

ನಮ್ಮಪ್ಪನ ಯೂನಿಫಾರ್ಮ್ ಬಟ್ಟೆ ಕಥೆ? ಬಿಳಿ ಬಟ್ಟೆ ಮನೇಲೇ ಕತ್ತರಿಸಿ ವಯಸ್ಸಾದೋರ ಅಂಗಿ ಹೊಲಿದ್ರು. ನೀಲಿ ಬಟ್ಟೆ ಗ್ಯಾರೇಜ್ ಕೆಲಸದವರ ಪ್ಯಾಂಟ್ ಆಯ್ತು. ಫೋಟೊ ತೆಗೆದು ಸ್ಟೇಟಸ್‌ಗೆ ಹಾಕೋ ಕೆಲಸ ನಂದು. ಬಟ್ಟೆ ತಂದ ರೇಟಿಗೇ ಮಾರಿ, ಹೊಲಿಗೆ ಕೂಲಿ ಅಷ್ಟೇ ಸೇರಿಸಿದ್ವಿ. ಬಟ್ಟೆಯಿಂದ ಲಾಭ ಸೊನ್ನೆ. ಆದ್ರೆ ಕಪಾಟಿನಲ್ಲಿ ಕೂತಿದ್ದ ₹14,000 ಕೈಗೆ ಬಂತು. ಅದರಲ್ಲಿ ಮೊದಲು ತೀರಿಸಿದ್ದು ಆ ಐದು ರೂಪಾಯಿ ಬಡ್ಡಿಯ ಕೈಗಡ. ಮಿಕ್ಕ ಬಟ್ಟೆ ಇನ್ನೂ ಹಾಗೇ ಇದೆ.

ಕಾಗದ ಇಲ್ಲದೋರಿಗೆ ಪರಿಹಾರ ಇಲ್ಲ

ನ್ಯಾಮತಿಯ ಸಲೂನ್ ಅಣ್ಣನ ಕಥೆ ಬೇರೆ. ಅವರಿಗೆ ಉದ್ರಿನೂ ಇಲ್ಲ, ಮಾಲೂ ಇಲ್ಲ. ಕತ್ತರಿ ಆಡಿದ್ರೆ ದುಡ್ಡು, ಇಲ್ಲಾಂದ್ರೆ ಇಲ್ಲ. ಮನೆಗೆ ಬಂದು ಕಟಿಂಗ್ ಮಾಡು ಅಂತ ಕರೆಯೋರು ಇದಾರೆ. ಹೋಗಲಿಲ್ಲ. "ಮನೇಲಿ ಅಮ್ಮನಿಗೆ 70 ದಾಟಿದೆ ಕಣಮ್ಮ, ಇನ್ನೂರು ರೂಪಾಯಿಗೆ ರೋಗ ತರಲಾ?" ಅಂತಾರೆ.

ಕಳೆದ ವರ್ಷ ಮೇನಲ್ಲಿ ರಾಜ್ಯ ಸರ್ಕಾರ ಕ್ಷೌರಿಕರಿಗೆ, ಅಗಸರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ₹5,000 ಘೋಷಿಸಿತ್ತು. ಇವರಿಗೆ ಸಿಗಲಿಲ್ಲ. ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡ್ತಿದ್ರೂ ತಾವು ಕ್ಷೌರಿಕರು ಅಂತ ಹೇಳೋ ಒಂದು ಕಾಗದ ಅವರ ಹತ್ರ ಇರಲಿಲ್ಲ. ಅರ್ಜಿನೇ ಹಾಕಲಿಲ್ಲ.

ಈ ವರ್ಷ ಮೇ 19ರ ಪ್ಯಾಕೇಜ್‌ನಲ್ಲಿ ಕ್ಷೌರಿಕರು, ಅಗಸರು, ಟೈಲರ್‌ಗಳು, ಹಮಾಲರು, ಮೆಕ್ಯಾನಿಕ್, ಕುಂಬಾರರು, ಕಮ್ಮಾರರು, ಅಕ್ಕಸಾಲಿಗರು, ಚಮ್ಮಾರರು, ಮನೆಗೆಲಸದವರು, ಚಿಂದಿ ಆಯೋರಿಗೆ ತಲಾ ₹2,000 ಇದೆ. ಆಟೊ, ಟ್ಯಾಕ್ಸಿ ಚಾಲಕರಿಗೆ ₹3,000. ನೋಂದಣಿ ಆದ ಬೀದಿಬದಿ ವ್ಯಾಪಾರಿಗಳಿಗೆ ₹2,000. ಅರ್ಜಿ ಹಾಕೋದು ಸೇವಾ ಸಿಂಧು ಪೋರ್ಟಲ್‌ನಲ್ಲಿ. ಆಧಾರ್ ಜೋಡಣೆ ಆದ ಬ್ಯಾಂಕ್ ಖಾತೆ, ರೇಷನ್ ಕಾರ್ಡ್, ವೃತ್ತಿ ದೃಢೀಕರಣ ಪತ್ರ ಕೈಲಿಟ್ಕೊಂಡು ಕೂತ್ಕೊಳ್ಳಿ. ಸಲೂನ್ ಅಣ್ಣ ಈ ಸಲ ಪತ್ರ ಮಾಡಿಸಿದಾರೆ. ಅರ್ಜಿ ತುಂಬಿದ್ದು ಪಿಯುಸಿ ಓದೋ ಅವರ ಮಗಳು, ಫೋನ್‌ನಲ್ಲಿ. ₹2,000ದಲ್ಲಿ ಎರಡು ತಿಂಗಳು ಬದುಕೋಕೆ ಆಗಲ್ಲ, ನಿಜ. ಆದ್ರೆ ಆ ಪತ್ರ ಮುಂದೆ ಸಾಲಕ್ಕೂ ಬೇಕಾಗುತ್ತೆ.

ತಳ್ಳುಗಾಡಿಯವರಿಗೆ ಪಿಎಂ ಸ್ವನಿಧಿ ಇದೆ, 2020ರ ಜೂನ್‌ನಲ್ಲಿ ಶುರುವಾದದ್ದು. ಒಂದು ವರ್ಷಕ್ಕೆ ₹10,000 ಸಾಲ, ಅಡಮಾನ ಬೇಡ. ಸರಿಯಾಗಿ ಕಂತು ಕಟ್ಟಿದ್ರೆ ಬಡ್ಡಿಯಲ್ಲಿ ಶೇ 7 ಸಬ್ಸಿಡಿಯಾಗಿ ಖಾತೆಗೆ ಬರುತ್ತೆ, ಮುಂದೆ ಹೆಚ್ಚಿನ ಸಾಲಕ್ಕೂ ಅರ್ಹತೆ. ಕ್ಯೂಆರ್ ಕೋಡ್‌ನಲ್ಲಿ ದುಡ್ಡು ತಗೊಂಡ್ರೆ ತಿಂಗಳಿಗೆ ₹100ರ ತನಕ ಕ್ಯಾಶ್‌ಬ್ಯಾಕ್. ನಿಮ್ಮ ಪಟ್ಟಣ ಪಂಚಾಯಿತಿ ಇಲ್ಲವೇ ಪುರಸಭೆಯಲ್ಲಿ ವಿಚಾರಿಸಿ.

ಜಿಎಸ್‌ಟಿ ಇದ್ದು ಹಳೇ ರಿಟರ್ನ್ ಬಾಕಿ ಉಳಿಸಿಕೊಂಡೋರಿಗೆ ಒಂದು ಸುದ್ದಿ. ಮೇ 28ರ ಜಿಎಸ್‌ಟಿ ಮಂಡಳಿ ಸಭೆ 2017ರ ಜುಲೈಯಿಂದ 2021ರ ಏಪ್ರಿಲ್ ತನಕದ ಬಾಕಿ ಮಾಸಿಕ ರಿಟರ್ನ್‌ಗಳ ತಡದಂಡ ಇಳಿಸಿದೆ. ಆಗಸ್ಟ್ 31ರ ಒಳಗೆ ಸಲ್ಲಿಸಿದ್ರೆ ಒಂದು ರಿಟರ್ನ್‌ಗೆ ಹೆಚ್ಚೆಂದರೆ ₹1,000. ತೆರಿಗೆ ಏನೂ ಇಲ್ಲದ ರಿಟರ್ನ್‌ಗೆ ₹500.

ಅಂಗಡಿಯ ದೊಡ್ಡ ಬಂಡವಾಳ ಮನುಷ್ಯ

ಒಬ್ಬರೇ ನಡೆಸೋ ಅಂಗಡಿಯಲ್ಲಿ ಆ ಒಬ್ಬರು ಮಲಗಿದ್ರೆ ಎಲ್ಲಾ ನಿಂತಂತೆ. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಅನ್ನೋದು ಮನೇಲಿ ಇನ್ನೊಬ್ಬರಿಗೂ ಗೊತ್ತಿರಲಿ. ಜೂನ್ 21ರಿಂದ 18 ತುಂಬಿದವರಿಗೆಲ್ಲ ಕೇಂದ್ರ ಸರ್ಕಾರದ ಉಚಿತ ಲಸಿಕೆ ಶುರು. ಗಲ್ಲಾದ ಮೇಲೆ ಕೂರೋರು, ಕೆಲಸದ ಹುಡುಗರು ಮೊದಲು ಹಾಕಿಸ್ಕೊಳ್ಳಿ.

ಅಪ್ಪ, ಅಮ್ಮನ ಪಾಸ್‌ಬುಕ್ ಒಮ್ಮೆ ನೋಡಿ. ವರ್ಷಕ್ಕೆ ₹330 ಕಡಿತ ಆಗಿದ್ರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ, ₹2 ಲಕ್ಷದ ಜೀವವಿಮೆ. ಕೋವಿಡ್ ಸಾವಿಗೂ ಸಿಗುತ್ತೆ. ಈ ವಿಮೆ ವರ್ಷ ಮೇ 31ಕ್ಕೆ ಮುಗಿಯುತ್ತೆ. ಖಾತೇಲಿ ದುಡ್ಡಿಲ್ಲದೆ ಈ ಸಲದ ಕಡಿತ ತಪ್ಪಿದೆಯಾ ಅಂತ ಬ್ಯಾಂಕಿನಲ್ಲಿ ಕೇಳಿ. ಬೀದೀಲಿ ಯಾರಾದ್ರೂ ತೀರಿಹೋಗಿದ್ರೆ ಆ ಮನೆಯವರಿಗೂ ಪಾಸ್‌ಬುಕ್ ನೋಡೋಕೆ ಹೇಳಿ. ವಿಮೆ ಇತ್ತು ಅನ್ನೋದೇ ಎಷ್ಟೋ ಮನೆಗೆ ಗೊತ್ತಿರಲ್ಲ.

ಇವತ್ತು ರಾತ್ರಿಯ ಕೆಲಸ

ಒಂದು ಹಾಳೆ ತಗೊಳ್ಳಿ. ನಡುವೆ ಗೆರೆ ಎಳೆಯಿರಿ. ಎಡಕ್ಕೆ ಮುಂದಿನ ನಾಲ್ಕು ವಾರದಲ್ಲಿ ಖಂಡಿತ ಬರೋ ದುಡ್ಡು. "ಬರಬಹುದು" ಅನ್ನೋದನ್ನ ಬರೀಬೇಡಿ. ಬಲಕ್ಕೆ ಹೋಗೋ ದುಡ್ಡು, ವಾರದ ಪ್ರಕಾರ. ಬಲಗಡೆಯ ಪ್ರತಿ ಸಾಲಿನ ಮುಂದೆ ಒಂದು ಗುರುತು: ತಪ್ಪಿಸೋಕೆ ಆಗದ್ದು, ಕೇಳಿ ಮುಂದೂಡಬಹುದಾದದ್ದು, ನಿಲ್ಲಿಸಬಹುದಾದದ್ದು. ಬಾಡಿಗೆ, ಸಗಟು ವ್ಯಾಪಾರಿಯ ಬಾಕಿ, ಬ್ಯಾಂಕ್ ಕಂತು ಇವೆಲ್ಲ ನಡುವಿನವು. ದಿನ ಮೀರೋ ಮೊದಲೇ ಹೋಗಿ, ಇಂತಿಷ್ಟು ಇಂಥ ದಿನ ಕೊಡ್ತೀನಿ ಅಂತ ಹೇಳಿದ್ರೆ ಹೆಚ್ಚಿನವರು ಒಪ್ತಾರೆ. ಫೋನ್ ಎತ್ತದೆ ಓಡಾಡಿದ್ರೆ ಯಾರೂ ಒಪ್ಪಲ್ಲ.

ನಮ್ಮಪ್ಪ ಮೊನ್ನೆ ಮಂಗಳವಾರ ಬ್ಯಾಂಕಿಗೆ ಬಂದ್ರು. ಬಾಗಿಲ ತನಕ ಬಂದು "ನೀನೇ ಹೋಗಿ ಕೊಟ್ಟು ಬಾರವ್ವಾ" ಅಂದ್ರು. ಸಹಿ ನಿಮ್ಮದೇ ಬೇಕು ಅಂತ ಒಳಗೆ ಕರ್ಕೊಂಡು ಹೋದೆ. ಅರ್ಜಿಯ ಎರಡು ಪ್ರತಿ, ಒಂದರ ಮೇಲೆ ಸ್ವೀಕೃತಿ ಸೀಲು, ತಾರೀಕು ಹಾಕಿಸಿಕೊಂಡು ಬಂದ್ವಿ. ನೀವೂ ಹಾಕಿಸ್ಕೊಳ್ಳಿ, ಬರೀ ಬಾಯಿಮಾತಲ್ಲಿ ಬಿಡಬೇಡಿ. ಉತ್ತರ ಇನ್ನೂ ಬಂದಿಲ್ಲ. ಒಪ್ತಾರೋ ಇಲ್ವೋ ಗೊತ್ತಿಲ್ಲ. ಹೊರಗೆ ಸರದಿಯಲ್ಲಿ ಅಪ್ಪನ ಪರಿಚಯದ ಜವಳಿ ಅಂಗಡಿಯವರು ನಿಂತಿದ್ರು. ಅವರ ಕೈಲೂ ಅಂಥದ್ದೇ ಒಂದು ಅರ್ಜಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಮಾಸ್ಕ್ ಒಳಗೇ ನಕ್ಕರು.

ನಿಮ್ಮ ಮನೆಯ ಅಂಗಡಿ ಕಥೆ ವಾಯ್ಸ್ ಮೆಸೇಜ್‌ನಲ್ಲಿ ಕಳಿಸಿ. ಹೆಸರು ಹೇಳೋದು ಬೇಡ, ಊರು ಹೇಳಿದ್ರೆ ಸಾಕು. ಬ್ಯಾಂಕಿನಿಂದ ಏನು ಉತ್ತರ ಬಂತು ಅಂತ ಮುಂದಿನ ಸಂಚಿಕೆಯಲ್ಲಿ ಹೇಳ್ತೀನಿ. ಅಲ್ಲೀ ತನಕ ಮಾಸ್ಕ್ ಹಾಕ್ಕೊಳ್ಳಿ, ಲೆಕ್ಕ ಬರೀರಿ. ಸಿಗೋಣ.